ಅರವತ್ತನಾಲ್ಕನೆಯ ಕಟ್ಟು

ಜನವರಿ 9, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತಿದ್ದೇನೆ, ಐದನೇ ತರಗತಿಯ ಗಿಡ್ಡ ಬೆಂಚಿನಲ್ಲಿ, ಮಂಡಿ ಗಲ್ಲಕ್ಕೆ ತಾಗುವ ಹಾಗೆ. ಹೆಸರು ಬರೆಯೋಣ ಎಂದು ನೋಡಿದರೆ ಕಾಗದಕ್ಕೆ ತಲೆಯೇ ಇಲ್ಲ, ಯಾರೋ ಕತ್ತರಿಸಿಬಿಟ್ಟಿದ್ದಾರೆ. ಹೆಸರು ಎಲ್ಲಿ ಬರೆಯಲಿ ಎಂದು ಕೇಳಿದರೆ ಯಾರೂ ತಲೆಯೆತ್ತಲಿಲ್ಲ. ಪಕ್ಕದ ಬೆಂಚಿನಲ್ಲಿ ಮಗಳು ಬಗ್ಗಿ ಬರೆಯುತ್ತಲೇ ಇದ್ದಳು. ಎಚ್ಚರವಾಯಿತು. ಎದ್ದು ಗ್ಯಾಸ್ ಆರಿಸಿದೆಯೇ ನೋಡಿದೆ. ಆರಿಸಿತ್ತು. ಬಂದು ಮಲಗಿ, ಮತ್ತೆ ಎದ್ದು ಹೋಗಿ ನೋಡಿದೆ.

ಕನಸಿಗೆ ಕಾರಣ ಹೊಸ ಕೆಲಸವೇ. ನಮ್ಮ ವಲಯದ ನೂರಾ ಹನ್ನೆರಡು ಶಾಲೆಗಳಲ್ಲಿ, ಸರ್ಕಾರಿ ಖಾಸಗಿ ಎರಡರಲ್ಲೂ, ಐದನೇ ತರಗತಿಯ ಮಕ್ಕಳಿಗೆ ಒಂದೇ ಪರೀಕ್ಷೆ ಕೊಟ್ಟು ಯಾವುದು ಮೇಲು ಎಂದು ಅಳೆಯುತ್ತಾರಂತೆ. ಅಳೆಯುವವರು ದೊಡ್ಡವರು. ನನ್ನದು ತಲೆ ಕತ್ತರಿಸುವ ಕೆಲಸ. ಪ್ರತಿ ಉತ್ತರಪತ್ರಿಕೆಯ ಮೇಲ್ತುದಿಯಲ್ಲಿ ಮಗುವಿನ ಹೆಸರು, ಶಾಲೆಯ ಹೆಸರು ಇರುತ್ತದೆ. ಅಂಕ ಹಾಕುವವರಿಗೆ ಅದು ತಿಳಿಯಬಾರದು. ಆ ಪಟ್ಟಿ ಕತ್ತರಿಸಿ ಚೀಲಕ್ಕೆ ಹಾಕಬೇಕು, ಕಾಗದಗಳಿಗೆ ಒಂದು ನಂಬರು ಒತ್ತಬೇಕು, ಎಣಿಸಿ ದಾರ ಕಟ್ಟಬೇಕು, ಯಾವ ನಂಬರು ಯಾವ ಶಾಲೆ ಎಂದು ರಿಜಿಸ್ಟರಿನಲ್ಲಿ ಬರೆದು ಮೇಲ್ವಿಚಾರಕಿ ಮೇಡಂಗೆ ಒಪ್ಪಿಸಬೇಕು.

ಏಳನೇ ಕ್ಲಾಸಿಗೆ ಮೂರು ಸಲ ಸೇರಿ ಮೂರು ಸಲವೂ ಬಿಟ್ಟವಳು ನಾನು. ಒಂದು ಸಲ ಅಮ್ಮನಿಗೆ ಕಾಯಿಲೆ, ಒಂದು ಸಲ ಮನೆ ಬದಲಾಯಿತು, ಮೂರನೆಯ ಸಲ ನನಗೇ ಚಿಕ್ಕ ಮಕ್ಕಳ ನಡುವೆ ಕೂರಲು ನಾಚಿಕೆಯಾಯಿತು. ಇಂಥವಳ ಕೈಗೆ ಇಷ್ಟೊಂದು ಮಕ್ಕಳ ಕಾಗದ ಕೊಟ್ಟಿದ್ದಾರೆ.

ಇನ್ನೊಂದು ವಿಷಯ ಇಲ್ಲಿ ಬರೆದಿಡುತ್ತೇನೆ, ಬೇರೆ ಯಾರಿಗೂ ಹೇಳುವ ಹಾಗಿಲ್ಲ. ಸೇರುವಾಗ ಒಂದು ನಮೂನೆ ತುಂಬಿಸಿಕೊಂಡರು. ಪರೀಕ್ಷೆಗೆ ಒಳಪಡುವ ಶಾಲೆಯ ಐದನೇ ತರಗತಿಯಲ್ಲಿ ನಿಮ್ಮ ಮಕ್ಕಳಿದ್ದಾರೆಯೇ ಎಂದಿತ್ತು. ಅಂಕಗಳನ್ನು ಕಂಪ್ಯೂಟರಿಗೆ ಹಾಕುವ ಹುಡುಗಿ, ನಾವೆಲ್ಲ ಟಕಟಕ ಎಂದೇ ಕರೆಯುವವಳು, ಕಿವಿಯಲ್ಲಿ ಹೇಳಿದಳು: "ಅಕ್ಕಾ, ಇಲ್ಲ ಅಂತ ಹಾಕಿ. ಇದೆ ಅಂದ್ರೆ ಮನೆಗೆ ಕಳಿಸ್ತಾರೆ." ಇಲ್ಲ ಎಂದು ಗೀಟು ಎಳೆದೆ. ಗೀಟು ಚೌಕದಿಂದ ಆಚೆ ಹೋಯಿತು.

ಜನವರಿ 13

ದಿನಕ್ಕೆ ನಾಲ್ಕೈದು ಕಟ್ಟು. ಓದಬಾರದು ಎಂದರೂ ಕಣ್ಣು ಸುಮ್ಮನಿರುತ್ತದೆಯೇ. ಕೊನೆಯ ಪ್ರಶ್ನೆ, ನಿಮ್ಮ ಮನೆಯವರ ಬಗ್ಗೆ ನಾಲ್ಕು ವಾಕ್ಯ ಬರೆಯಿರಿ. ದೊಡ್ಡ ಗೇಟಿನ ಒಂದು ಖಾಸಗಿ ಶಾಲೆಯ ನಲವತ್ತು ಮಕ್ಕಳೂ ಬರೆದದ್ದು ಒಂದೇ ನಾಲ್ಕು ವಾಕ್ಯ: ನನ್ನ ತಂದೆ ವೈದ್ಯರು, ನನ್ನ ತಾಯಿ ಗೃಹಿಣಿ, ನಮ್ಮದು ಸುಖೀ ಕುಟುಂಬ, ನಾವು ಒಗ್ಗಟ್ಟಾಗಿದ್ದೇವೆ. ನಲವತ್ತು ಮನೆಯಲ್ಲೂ ವೈದ್ಯರು. ಟಕಟಕ, "ಆ ಬೀದೀಲಿ ಯಾರಿಗೂ ನೆಗಡಿ ಆಗಲ್ಲ ಬಿಡಿ ಅಕ್ಕ," ಅಂದಳು. ಹಾಗಂತ ಸರ್ಕಾರಿ ಶಾಲೆ ಎಲ್ಲ ಚೆನ್ನಾಗಿದೆ ಎಂದಲ್ಲ. ಒಂದರಲ್ಲಿ ಇಪ್ಪತ್ತೆರಡು ಮಕ್ಕಳು ಬರೀ ಪ್ರಶ್ನೆಯನ್ನೇ ನಕಲು ಮಾಡಿ ಕೊಟ್ಟಿದ್ದರು. ಗುಡ್ಡದ ಕಡೆಯ ಇನ್ನೊಂದರಲ್ಲಿ ಮೂರೇ ಮಕ್ಕಳು, ಮೂವರದ್ದೂ ಭಾಗಾಕಾರ ಸರಿ. ಬಸ್ ನಿಲ್ದಾಣದ ಹಿಂದೆ ಎರಡು ಕೋಣೆಯಲ್ಲಿ ನಡೆಯುವ ಖಾಸಗಿ ಶಾಲೆಯ ಮಕ್ಕಳದು ಮುತ್ತು ಪೋಣಿಸಿದಂಥ ಅಕ್ಷರ, ಲೆಕ್ಕ ಮಾತ್ರ ಒಂದೂ ಸರಿಯಿಲ್ಲ.

ಸರಿಯೋ ತಪ್ಪೋ ಎಂದು ನಾನು ಹೇಳುವುದೇನು, ನನಗೇ ಭಾಗಾಕಾರ ಬರುವುದಿಲ್ಲ. ಮೂವರದ್ದೂ ಒಂದೇ ಉತ್ತರ ಇತ್ತು ಅಷ್ಟೆ. ನಕಲೂ ಇರಬಹುದು.

ಜನವರಿ 22

ಇವತ್ತು ಮಗಳ ಶಾಲೆಯಲ್ಲಿ ಪರೀಕ್ಷೆ. ಅವಳು ಓದುವುದು ನಮ್ಮ ರಸ್ತೆಯ ಸರ್ಕಾರಿ ಶಾಲೆಯಲ್ಲಿ. ಅದರ ಎದುರಿಗೇ ಖಾಸಗಿ ಶಾಲೆ. ಇವರು ಆ ಖಾಸಗಿ ಶಾಲೆಯ ವ್ಯಾನ್ ಓಡಿಸುತ್ತಾರೆ. ಊರ ಮಕ್ಕಳನ್ನೆಲ್ಲ ಆ ಗೇಟಿನೊಳಗೆ ಇಳಿಸುವವರು ಸ್ವಂತ ಮಗಳನ್ನು ರಸ್ತೆಯ ಈಚೆ ಬಿಡುತ್ತಾರೆ ಎಂದು ಅವರ ಜೊತೆಯವರು ಆಡಿಕೊಳ್ಳುತ್ತಾರಂತೆ. ಮುಂದಿನ ವರ್ಷ ಸೇರಿಸಿಯೇ ಸೇರಿಸುತ್ತೇನೆ ಅಂತಾರೆ. ಮಗಳು ಒಲ್ಲೆ ಅಂತಾಳೆ. ಎರಡನೇ ತರಗತಿಯವರೆಗೂ ಅಕ್ಷರ ಕೂಡಿಸಿ ಓದಲಾರದೆ ಇದ್ದವಳು. ಅಲ್ಲಿನ ದೊಡ್ಡ ಟೀಚರ್ ದಿನಾ ಬೆಳಗ್ಗೆ ಅರ್ಧ ಗಂಟೆ ಮೊದಲು ಬಂದು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದರು. ಆ ಋಣ ನಾನು ಮರೆತರೂ ಅವಳು ಮರೆಯುವುದಿಲ್ಲ.

ಪರೀಕ್ಷೆ ಹೇಗಾಯಿತು ಎಂದರೆ, ಸುಲಭ ಇತ್ತು, ಆದರೆ ಭಾಗಾಕಾರ ಬಿಟ್ಟುಬಿಟ್ಟೆ ಎಂದಳು. ಮನೆಯವರ ಬಗ್ಗೆ ಏನು ಬರೆದೆ ಎಂದು ಕೇಳಿದೆ. "ಅದು ಗುಟ್ಟು. ಅವರು ಓದ್ತಾರೆ, ನೀನಲ್ಲ," ಅಂದಳು.

ಜನವರಿ 25, ಗುರುವಾರ

ಮಧ್ಯಾಹ್ನ ಊಟವಾದ ಮೇಲೆ ಎರಡು ಶಾಲೆಯ ಲಕೋಟೆಗಳೂ ಒಟ್ಟಿಗೆ ಬಂದವು, ಅವಳದು ಮತ್ತು ಎದುರಿನದು. ಮೇಡಂಗೆ ಹೇಳಿ ಬೇರೆಯವರಿಗೆ ಕೊಡಿಸೋಣ ಎಂದರೆ ಇಲ್ಲ ಎಂದು ಗೀಟು ಎಳೆದಾಗಿದೆ. ಮಗಳ ಕಾಗದ ನಾನು ನೋಡಬಾರದು. ನೋಡಿದರೆ ಕೈ ಸುಮ್ಮನಿರುವುದಿಲ್ಲ, ಆ ಭಾಗಾಕಾರದ ಜಾಗದಲ್ಲಿ ಏನಾದರೂ ಗೀಚಿಬಿಟ್ಟೇನು. ನನ್ನ ಮೇಲೆ ನನಗೇ ನಂಬಿಕೆ ಇಲ್ಲ.

ಅದಕ್ಕೆ ಎರಡನ್ನೂ ಲಕೋಟೆಯಿಂದ ತೆಗೆದು ಮೇಜಿನ ಮೇಲೆ ಬೋರಲು ಹಾಕಿ, ಮುಖ ಗೋಡೆಯ ಕಡೆ ತಿರುಗಿಸಿ, ಅಂಚು ಸವರಿಕೊಂಡೇ ತಲೆ ಕತ್ತರಿಸಿದೆ. ನಂಬರನ್ನೂ ಹಿಂಬದಿಯಲ್ಲೇ ಒತ್ತಿದೆ. ಎಣಿಸಿದ್ದೂ ಬೆರಳಲ್ಲೇ. ಮಗಳ ಶಾಲೆ ಅರವತ್ತಮೂರು, ಎದುರಿನದು ಅರವತ್ತನಾಲ್ಕು. ಒಂದಕ್ಷರ ನೋಡಲಿಲ್ಲ. ಇಷ್ಟು ಪ್ರಾಮಾಣಿಕವಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ.

ಜನವರಿ 29

ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದೆನೋ ಇಲ್ಲವೋ ಎಂದು ಬಸ್ಸಿನಿಂದ ಇಳಿದು ಹಿಂದಕ್ಕೆ ಬಂದೆ. ಆರಿಸಿತ್ತು. ಕೆಲಸಕ್ಕೆ ತಡ. ಮೇಡಂ ಗಡಿಯಾರ ನೋಡಿದರು.

ಫೆಬ್ರವರಿ 17

ಕಟ್ಟುಗಳೆಲ್ಲ ಮುಗಿದವು. ನನ್ನನ್ನು ಇನ್ನೊಂದು ತಿಂಗಳು ಇಟ್ಟುಕೊಂಡಿದ್ದಾರೆ, ಅಂಕ ಹಾಕಿ ಬಂದ ಕಟ್ಟುಗಳನ್ನು ಕಪಾಟಿಗೆ ಜೋಡಿಸಲು. ಭಾಗಾಕಾರವನ್ನು ಮಗಳ ಜೊತೆ ಕೂತು ಕಲಿಯುತ್ತಿದ್ದೇನೆ. ಅವಳಿಗೆ ಬರುವುದಿಲ್ಲ ಎಂದು ದೊಡ್ಡ ಟೀಚರ್ ಮನೆಗೆ ಲೆಕ್ಕ ಕೊಡುತ್ತಾರೆ, ಅವಳ ನೆಪದಲ್ಲಿ ನಾನೂ ಮಾಡುತ್ತೇನೆ. ಶೇಷ ಉಳಿದರೆ ನನಗೆ ತಳಮಳ. ಉಳಿಯಬಹುದಾ, ಉಳಿದರೆ ತಪ್ಪಲ್ಲವಾ ಎಂದು ಕೇಳಿದರೆ, "ಉಳಿದ್ರೆ ಪಕ್ಕದಲ್ಲಿ ಬರೀಬೇಕು ಅಮ್ಮಾ, ಅಷ್ಟೆ. ಅಳಬಾರದು," ಅಂತಾಳೆ.

ಮಾರ್ಚ್ 6

ಪಟ್ಟಿ ಬಂತು. ಟಕಟಕಳ ಪರದೆಯ ಮೇಲೆ ನೋಡಿದೆ. ವಲಯಕ್ಕೆಲ್ಲ ಮೊದಲ ಸ್ಥಾನ ಎದುರಿನ ಖಾಸಗಿ ಶಾಲೆಗೆ. ಮಗಳ ಶಾಲೆ ನೂರಾ ನಾಲ್ಕನೆಯದು. ಒಟ್ಟು ಮಕ್ಕಳು ಅರವತ್ತಕ್ಕಿಂತ ಕಡಿಮೆ ಇದ್ದು ಕೊನೆಯ ಹತ್ತರಲ್ಲಿ ಬಂದ ಸರ್ಕಾರಿ ಶಾಲೆಗಳನ್ನು ಬೇರೆ ಶಾಲೆಗೆ ವಿಲೀನ ಮಾಡಬೇಕು ಎಂದು ವರದಿಯ ಕೊನೆಗೆ ಬರೆದಿದ್ದಾರಂತೆ. ಮಗಳ ಶಾಲೆಯಲ್ಲಿ ಐವತ್ತನಾಲ್ಕು ಮಕ್ಕಳು. ವಿಲೀನವಾದರೆ ಹೋಗಬೇಕಾದ ಶಾಲೆ ಹೆದ್ದಾರಿಯ ಆಚೆ, ಮೂರೂವರೆ ಕಿಲೋಮೀಟರ್.

ನೂರಾ ನಾಲ್ಕು. ಆ ಟೀಚರ್ ಪಾಠ ಮಾಡುವ ಶಾಲೆ. ಏನೋ ಸರಿಯಿಲ್ಲ. ನನಗೆ ಯಾವಾಗಲೂ ಏನೋ ಸರಿಯಿಲ್ಲ ಎಂದೇ ಅನ್ನಿಸುವುದು, ಹಾಗಾಗಿ ಇದು ನಿಜವಾಗಿ ಸರಿಯಿಲ್ಲವೋ ಅಥವಾ ನನ್ನ ರೋಗವೋ ಹೇಗೆ ತಿಳಿಯುವುದು.

ಮಾರ್ಚ್ 7, ಗುರುವಾರ

ಕಪಾಟಿನಿಂದ ಅರವತ್ತಮೂರು ತೆಗೆದೆ. ಮಗಳ ಅಕ್ಷರ ಎಲ್ಲೂ ಇಲ್ಲ. ಎರಡು ಸಲ ನೋಡಿದೆ. ಅರವತ್ತನಾಲ್ಕು ತೆಗೆದೆ. ಹನ್ನೊಂದನೆಯ ಕಾಗದ. ಭಾಗಾಕಾರದ ಜಾಗ ಖಾಲಿ. ಹಿಂದೆ ತಿರುಗಿಸಿದರೆ:

"ನನ್ನ ಅಪ್ಪ ಎದುರಿನ ಶಾಲೆಯ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ನನ್ನ ಅಮ್ಮ ಎಲ್ಲಾ ಶಾಲೆಗಳ ತಲೆ ಕತ್ತರಿಸುತ್ತಾಳೆ. ಅವಳಿಗೆ ಭಯ ಜಾಸ್ತಿ. ಆದರೆ ಒಳ್ಳೆಯವಳು."

ಬೋರಲು ಹಾಕಿದ ಎರಡು ಕಟ್ಟುಗಳಿಗೆ ನಂಬರು ಅದಲುಬದಲಾಗಿದೆ. ನೋಡಬಾರದು ಎಂದು ನೋಡದೆ ಮಾಡಿದ್ದೇ ಹೀಗಾಯಿತು. ಮೊದಲು ಬಂದದ್ದು ಮಗಳ ಶಾಲೆ. ನೂರಾ ನಾಲ್ಕನೆಯದು ಎದುರಿನದು.

ಆ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ. ಬಾಗಿಲವರೆಗೆ ಹೋದೆ. ಕಟ್ಟಿನಲ್ಲಿ ಒಂದು ಕಡಿಮೆಯಾದರೆ ಕಳ್ಳತನ ಅಂತಾರೆ ಎನಿಸಿತು. ವಾಪಸ್ ಬಂದು ಅದೇ ಜಾಗದಲ್ಲಿ ಇಟ್ಟು, ಮಡಿಕೆಯನ್ನು ಅಂಗೈಯಿಂದ ತೀಡಿ ಸರಿ ಮಾಡಿದೆ.

ಸಂಜೆ ಇವರಿಗೆ ಹೇಳಿದೆ. ಮೊದಲು ನಕ್ಕರು. ನಮ್ಮನೇಲಿ ಗ್ಯಾಸಿಗೇ ಮೂರು ಸಲ ತನಿಖೆ ನಡೆಯುತ್ತೆ, ಈಗ ಸರ್ಕಾರಕ್ಕೂ ಶುರುವಾಯ್ತಾ ಅಂದರು. ಕಾಗದದಲ್ಲಿದ್ದದ್ದನ್ನು ಹೇಳಿದ ಮೇಲೆ ನಗು ನಿಂತಿತು. ಆಮೇಲೆ, "ನೋಡೇ, ಇದು ನಿಜ ಅಂತಾದ್ರೆ ನಮ್ಮ ವ್ಯಾನಿನ ಶಾಲೆ ನೂರಾ ನಾಲ್ಕು. ಯಾರು ಮಕ್ಕಳನ್ನ ಕಳಿಸ್ತಾರೆ? ನಾನು ಖಾಲಿ ವ್ಯಾನ್ ಓಡಿಸಲಾ?" ಅಂದರು. ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು.

ಮಾರ್ಚ್ 8

ಮೇಡಂಗೆ ಹೇಳಿಬಿಟ್ಟೆ. ನಮೂನೆಯಲ್ಲಿ ಸುಳ್ಳು ಬರೆದದ್ದನ್ನೂ ಹೇಳಿದೆ, ಅದನ್ನು ಬಿಟ್ಟು ಹೇಳುವ ದಾರಿಯೇ ಇರಲಿಲ್ಲ. ಅವರು ಬಾಗಿಲು ಮುಂದಕ್ಕೆ ಮಾಡಿ ಕುರ್ಚಿ ತೋರಿಸಿದರು. ಕೂರಲು ಹೇಳಿದ್ದು ಅದೇ ಮೊದಲು. ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ನಿನ್ನ ಮಗಳೇ ಬರೆದಿದ್ದು ಅಂತ ಹೇಗಮ್ಮ ತೋರಿಸ್ತೀಯ? ಹೆಸರು ಕತ್ತರಿಸಿದವಳು ನೀನೇ."

ಹೆಸರಿನ ಪಟ್ಟಿಗಳ ಚೀಲ ಫೆಬ್ರವರಿಯಲ್ಲೇ ಸುಟ್ಟಾಗಿದೆ. ಅವರು ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ತಲೆ ಕತ್ತರಿಸುವವಳ ಮಗಳ ಶಾಲೆ ಕೊನೆಗೆ ಬಂದಿದೆ. ಈಗ ಅವಳೇ ಬಂದು, ಅಲ್ಲ ಅದೇ ಮೊದಲು ಅಂತಾಳೆ. ಇಷ್ಟು ದಿನ ಮುಚ್ಚಿಟ್ಟೂ ಇದ್ದಳು. ಕೇಳಿದವರು ಏನು ತಿಳಿದುಕೊಳ್ಳುತ್ತಾರೆ? ವರದಿ ಮೇಲಕ್ಕೆ ಹೋಗಿಯಾಗಿದೆ, ನನ್ನ ಕೈಯಲ್ಲೂ ಏನೂ ಇಲ್ಲ ಎಂದರು. ಅದು ನಿಜವೇ ಇರಬೇಕು, ಅವರ ಮುಖ ಕೂಡ ಬಾಡಿತ್ತು. ಆಮೇಲೆ ಸಮಾಧಾನಕ್ಕೆಂಬಂತೆ, "ಸಾವಿರಾರು ಮಕ್ಕಳ ಲೆಕ್ಕ ಇದು. ಎರಡು ಶಾಲೆ ಆಚೀಚೆ ಆದ್ರೆ ಸರಾಸರಿ ಅಲ್ಲಾಡೋದೂ ಇಲ್ಲ. ವರದಿ ತಪ್ಪಾಗಲ್ಲ," ಅಂದರು.

"ವರದಿ ತಪ್ಪಾಗಲ್ಲ ಮೇಡಂ. ಶಾಲೆ ಮುಚ್ಚುತ್ತೆ," ಎಂದೆನಂತೆ. ನನಗೆ ನೆನಪಿಲ್ಲ. ಬಾಗಿಲ ಹಿಂದೆ ನಿಂತಿದ್ದ ಟಕಟಕ ಹೇಳಿದಳು. ಮೇಡಂ ಎದುರು ಹಾಗೆಲ್ಲ ಮಾತಾಡುವವಳಲ್ಲ ನಾನು, ಅವಳು ಸುಮ್ಮನೆ ಸೇರಿಸಿ ಹೇಳಿರಬೇಕು.

ಮಾರ್ಚ್ 9

ನಾಳೆಯಿಂದ ಬರಬೇಡ ಎಂದರು.

ಮಾರ್ಚ್ 14

ಉಳಿದ ಸಂಬಳ ಇಸಿದುಕೊಳ್ಳಲು ಹೋದಾಗ ಬಾಗಿಲಲ್ಲಿ ಕೈಗಾಡಿ ನಿಂತಿತ್ತು. ನಿಯಮದ ಪ್ರಕಾರ ಕಟ್ಟುಗಳನ್ನೆಲ್ಲ ಕಾಗದದ ಕಾರ್ಖಾನೆಗೆ ಕಳಿಸುತ್ತಿದ್ದರು. ನಾನೇ ಕಟ್ಟಿದ ದಾರಗಳು, ನನ್ನದೇ ಗಂಟು. ಅರವತ್ತನಾಲ್ಕು ಎಲ್ಲಿದೆ ಎಂದು ಹುಡುಕಿದೆ, ಅಡಿಯಲ್ಲೆಲ್ಲೋ ಇತ್ತೇನೋ. ಗಾಡಿಯವನು, "ಏನಮ್ಮ, ಏನಾದ್ರೂ ಬಿಟ್ಟಿದ್ದೀರಾ?" ಎಂದು ಕೇಳಿದ. ಇಲ್ಲ ಎಂದೆ. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಅದರ ಹಿಂದೆ ಓಡಬಹುದಿತ್ತು, ಅದೇನು ಅಷ್ಟು ಜೋರಾಗಿ ಹೋಗುತ್ತಿರಲಿಲ್ಲ.

ಮಾರ್ಚ್ 19

ದೊಡ್ಡ ಟೀಚರ್ ಹತ್ತಿರ ಹೋಗಿ ತಪ್ಪೊಪ್ಪಿಕೊಂಡೆ. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿ ಎಂದೇ ಹೋಗಿದ್ದೆ. ಅವರು ಕೈಯಲ್ಲಿದ್ದ ಸೀಮೆಸುಣ್ಣ ಪೆಟ್ಟಿಗೆಗೆ ಹಾಕಿ ಸೆರಗಿಗೆ ಕೈ ಒರೆಸಿಕೊಂಡರು. ಮೊದಲು ಬಂದಿದ್ದೆವು ಎಂಬುದನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

"ಮಕ್ಕಳಿಗೆ ಹೇಳೋ ಹಾಗಿಲ್ಲ, ಅಲ್ವಾ?" ಎಂದು ಮಾತ್ರ ಕೇಳಿದರು.

ಅವರ ವರ್ಗಾವಣೆಯ ಆದೇಶ ನಿನ್ನೆಯೇ ಬಂದಿದೆಯಂತೆ. ಸರ್ಕಾರಿ ನೌಕರರು ಸರ್ಕಾರದ ವರದಿಯನ್ನು ಪ್ರಶ್ನಿಸುವ ಹಾಗಿಲ್ಲ ಎಂದು ಆದೇಶದ ಕೆಳಗೇ ಬರೆದಿದ್ದಾರೆ. ಹೊರಡುವಾಗ ಮಗಳಿಗೆ ಅಂತ ಭಾಗಾಕಾರದ ಎರಡು ಹಾಳೆ ಕೊಟ್ಟರು.

ಏಪ್ರಿಲ್ 12

ಶಿಕ್ಷಣ ಕಚೇರಿಗೆ ಹೋಗಿದ್ದೆ. ಕಿಟಕಿಯವರು ಈ ಕಿಟಕಿ ಅಲ್ಲ ಎಂದರು. ಆ ಕಿಟಕಿಯವರು, ದೂರು ಶಾಲೆಯ ಮೂಲಕ ಬರಬೇಕು ಎಂದರು. ವಿಲೀನದ ಆದೇಶವಾಗಿದೆ, ಇನ್ನು ಶಾಲೆಯೇ ಇಲ್ಲವಲ್ಲ ಎಂದರೆ, ಹಾಗಾದರೆ ದೂರೂ ಇಲ್ಲ ಎಂದರು. ಹಾಸ್ಯಕ್ಕೆ ಹೇಳಿದ್ದಲ್ಲ, ನಿಜವಾಗಿ ಹಾಗೇ ಅಂದುಕೊಂಡಿದ್ದಾರೆ.

ಮೇ 27

ಶಾಲೆಗೆ ಬೀಗ ಬಿತ್ತು. ಹತ್ತು ಹನ್ನೆರಡು ಮಕ್ಕಳು ಹೆದ್ದಾರಿ ದಾಟಿ ಹೋಗುತ್ತಾರಂತೆ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅಡುಗೆಯವಳ ಇಬ್ಬರು ಹೆಣ್ಣುಮಕ್ಕಳು ಇನ್ನು ಎಲ್ಲಿಗೂ ಹೋಗುವುದಿಲ್ಲ. ನಮ್ಮವಳನ್ನು ಇವರು ಎದುರಿನ ಶಾಲೆಗೆ ಸೇರಿಸಿದರು. ನಾನೂ ಬೇಡ ಎನ್ನಲಿಲ್ಲ, ಹೆದ್ದಾರಿಯನ್ನು ನೆನೆದರೆ ನನಗೇ ಜೀವ ಬಾಯಿಗೆ ಬರುತ್ತದೆ.

ಜೂನ್ 3, ಸೋಮವಾರ

ಮೊದಲ ದಿನ. ಗೇಟಿನ ಮೇಲೆ ಈ ಕಂಬದಿಂದ ಆ ಕಂಬಕ್ಕೆ ಬಟ್ಟೆಯ ಫಲಕ: ಇಡೀ ವಲಯಕ್ಕೆ ಪ್ರಥಮ. ಇವರ ವ್ಯಾನಿನ ಹಿಂದೆಯೂ ಅದನ್ನೇ ಅಂಟಿಸಿದ್ದಾರೆ. ಮಗಳು ಹೊಸ ಟೈ ಸಡಿಲ ಮಾಡಿಕೊಳ್ಳುತ್ತಾ ಕತ್ತೆತ್ತಿ ಫಲಕವನ್ನು ಓದಿದಳು. ಈಗ ಅವಳು ಎಲ್ಲವನ್ನೂ ಓದುತ್ತಾಳೆ. ಮನೆಯಲ್ಲಿ ನಾವಾಡಿದ ಮಾತು ಅವಳ ಕಿವಿಗೆ ಯಾವತ್ತೋ ಬಿದ್ದಿದೆ ಎಂದು ಆಗಲೇ ಗೊತ್ತಾದದ್ದು.

"ಅಮ್ಮಾ, ಇದು ನಾವು ತಗೊಂಡಿದ್ದಲ್ವಾ?"

ಇವರು ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಲೇ ಇದ್ದರು. ನಾನು ಅವಳ ಟೈ ಸರಿಮಾಡಿದೆ. ಅವಳು ಒಳಗೆ ಹೋದಳು.

ಜೂನ್ 6

ಪುಸ್ತಕದ ಪಟ್ಟಿ ಇಸಿದುಕೊಳ್ಳಲು ಆ ಶಾಲೆಯ ಕಚೇರಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ವರದಿಯ ಒಂದು ಪುಟವನ್ನು ದೊಡ್ಡದು ಮಾಡಿ ಗಾಜಿನೊಳಗೆ ಹಾಕಿದ್ದಾರೆ. ಎಲ್ಲರೂ ಮೊದಲ ಕಾಲಂ ನೋಡಿ ಹೋಗುತ್ತಾರೆ. ನನಗೆ ಸಾಲು ಮುಂದೆ ಹೋಗುವವರೆಗೆ ಬೇರೆ ಕೆಲಸವಿರಲಿಲ್ಲ, ಕೊನೆಯವರೆಗೂ ಓದಿದೆ. ನಾಲ್ಕನೆಯ ಕಾಲಂ, ಪರೀಕ್ಷೆ ಬರೆದ ಮಕ್ಕಳ ಸಂಖ್ಯೆ. ಈ ಶಾಲೆಯ ಮುಂದೆ ಹದಿನೇಳು. ನಾನೇ ಎಣಿಸಿ ಬರೆದ ಸಂಖ್ಯೆ.

ಇಲ್ಲಿ ಕಳೆದ ವರ್ಷ ಐದನೆಯ ತರಗತಿಯಲ್ಲಿ ಮೂವತ್ತೊಂದು ಮಕ್ಕಳಿದ್ದರು. ಅಷ್ಟೂ ಮಕ್ಕಳು ಈಗ ಆರನೆಯ ತರಗತಿಯಲ್ಲಿ ಮಗಳ ಜೊತೆ ಕೂತಿದ್ದಾರೆ, ಅವಳೇ ಎಣಿಸಿ ಹೇಳಿದ್ದಳು. ಹದಿನೇಳು ಇದ್ದದ್ದು ಅವಳ ಹಳೆಯ ಶಾಲೆಯಲ್ಲಿ. ಅದೇ ಪುಟದ ಕೆಳಗೆ, ಆ ಶಾಲೆಯ ಮುಂದೆ, ಮೂವತ್ತೊಂದು. ಹದಿನೇಳು ಮಕ್ಕಳಿದ್ದ ತರಗತಿಯಲ್ಲಿ ಮೂವತ್ತೊಂದು ಮಕ್ಕಳು ಪರೀಕ್ಷೆ ಬರೆದಿದ್ದಾರೆ. ಕಾಗದ ಕಾರ್ಖಾನೆಗೆ ಹೋಗಿದೆ, ಪಟ್ಟಿಗಳು ಸುಟ್ಟಿವೆ, ಇದು ಮಾತ್ರ ಅಚ್ಚಾಗಿ ಕೂತಿದೆ. ಅಷ್ಟು ಜನ ದೊಡ್ಡವರ ಕಣ್ಣೆದುರಿಗೇ.

ಸಾಲು ಮುಂದೆ ಹೋಗಿತ್ತು. ಹಿಂದಿನವರು ಬೆನ್ನಿಗೆ ತಿವಿದರು.

ಜೂನ್ 10

ಗಾಜಿನಲ್ಲಿದ್ದ ಎರಡು ಸಾಲನ್ನು ಬರೆದು ತಂದಿದ್ದೆ, ನಿನ್ನೆ ಇವರಿಗೆ ತೋರಿಸಿದೆ. ಬೆರಳಿಟ್ಟು ಓದಿದರು. "ಬರೆಯೋದಾದ್ರೆ ಬರಿ. ನನ್ನನ್ನ ಕೇಳ್ಬೇಡ," ಎಂದು ಎದ್ದುಹೋದರು. ಇವತ್ತು ಬೆಳಗ್ಗೆ ಅರ್ಜಿ ಕೊಡುವ ಆತುರದಲ್ಲಿ ನಾನು ಗ್ಯಾಸನ್ನೂ ಬಾಗಿಲನ್ನೂ ನೋಡದೆ ಹೊರಟೆನಂತೆ, ಸಂಜೆ ಬಂದು ಅದನ್ನೊಂದು ಹೇಳಿ ರೇಗಿಸಿದರು. ಕಿಟಕಿಯವರು ಅರ್ಜಿ ತೆಗೆದುಕೊಂಡರು, ಮೊಹರು ಒತ್ತಲಿಲ್ಲ. ಮೊಹರು ಒತ್ತುವವರು ರಜೆಯಂತೆ.

ಜೂನ್ 21

ಉತ್ತರವಿಲ್ಲ. ಕೇಳಿದರೆ ಅಂಥ ಅರ್ಜಿಯೇ ಬಂದಿಲ್ಲ ಎಂದರು. ಮತ್ತೆ ಬರೆದು ಕೊಟ್ಟೆ.

ಜುಲೈ 8

ಉತ್ತರವಿಲ್ಲ. ಹಳೆಯ ಶಾಲೆಯ ಬೆಂಚುಗಳನ್ನು ಲಾರಿಗೆ ಹಾಕುತ್ತಿದ್ದರು. ಮಗಳು ಕಿಟಕಿಯಿಂದ ನೋಡುತ್ತಿದ್ದಳು. ನಾಳೆ ಮೂರನೆಯ ಸಲ ಕೊಡುವುದನ್ನು ಇಲ್ಲೇ ಬರೆದು ನೋಡಿಕೊಳ್ಳುತ್ತೇನೆ, ತಪ್ಪಿದ್ದರೆ ತಿದ್ದಲು.

ಶಿಕ್ಷಣಾಧಿಕಾರಿಗಳಿಗೆ ನಮಸ್ಕಾರ. ನಾನು ಏಳನೆಯ ತರಗತಿಯನ್ನೂ ಮುಗಿಸಿದವಳಲ್ಲ. ಸಮೀಕ್ಷೆಯ ಕಾಗದಗಳ ತಲೆ ಕತ್ತರಿಸಿ ನಂಬರು ಒತ್ತಿದವಳು ನಾನು. ನನ್ನ ಮಗಳು ಈಗ ಬೀಗ ಬಿದ್ದ ಶಾಲೆಯಲ್ಲೇ ಇದ್ದಳು, ನಮೂನೆಯಲ್ಲಿ ಇಲ್ಲ ಎಂದು ಬರೆದದ್ದು ಸುಳ್ಳು. ಎರಡು ಶಾಲೆಯ ಕಟ್ಟುಗಳನ್ನು ನೋಡದೆ ಅದಲುಬದಲು ಮಾಡಿದವಳೂ ನಾನೇ, ಅದಕ್ಕೆ ಏನು ಮಾಡಬೇಕೋ ಮಾಡಿ. ಶಾಲೆ ಮತ್ತೆ ತೆರೆಯಿರಿ ಎಂದು ಕೇಳುವಷ್ಟು ದೊಡ್ಡವಳಲ್ಲ. ನನ್ನ ಮಾತನ್ನು ನಂಬದಿದ್ದರೂ ಸರಿ. ಆ ಹದಿನೇಳು ಮಕ್ಕಳಿಗೆ, ಮೊದಲು ಬಂದದ್ದು ನೀವೇ ಎಂದು ಯಾರಾದರೂ ಹೇಳಬೇಕು. ವರದಿಯ ಹದಿನಾಲ್ಕನೆಯ ಪುಟ ತೆಗೆದು, ಎರಡೂ ಶಾಲೆಗಳ ಹಾಜರಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು, ನಾಲ್ಕನೆಯ ಕಾಲಂ ಒಂದನ್ನು ಮಾತ್ರ ದಯವಿಟ್ಟು ಇನ್ನೊಂದು ಸಲ ನೋಡಿ.